ಹದಿನೆಂಟಕ್ಕೇ ಸಹಿಯೋ, ಕಾಲೇಜೋ? ಬೇಸ್‌ಬಾಲ್ ಡ್ರಾಫ್ಟ್ ಹುಡುಗರ ಎರಡು ದಾರಿಗಳು

ಅಮೆರಿಕದ ಬೇಸ್‌ಬಾಲ್ ತಂಡಗಳು ಪ್ರತಿ ವರ್ಷ ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. 2001ರ ಡ್ರಾಫ್ಟ್‌ನಲ್ಲಿ ಮೊದಲು ಆರಿಸುವ ಹಕ್ಕು ಮಿನೆಸೋಟ ಟ್ವಿನ್ಸ್ ತಂಡಕ್ಕಿತ್ತು. ಆ ವರ್ಷ ಎಲ್ಲರ ಬಾಯಲ್ಲಿದ್ದ ಹೆಸರು ಮಾರ್ಕ್ ಪ್ರಯರ್. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಿಚರ್, ಅಂದರೆ ಚೆಂಡೆಸೆಯುವವರು. ಇವರ ಎಸೆತದ ಶೈಲಿಯಲ್ಲಿ ತಪ್ಪು ಹುಡುಕುವುದೇ ಕಷ್ಟ ಎಂದು ಸ್ಕೌಟ್‌ಗಳು (ಪ್ರತಿಭೆ ಹುಡುಕುವವರು) ಹೊಗಳುತ್ತಿದ್ದರು. ಟ್ವಿನ್ಸ್ ಮಾತ್ರ ತಮ್ಮದೇ ಸೇಂಟ್ ಪಾಲ್ ಊರಿನ ಹೈಸ್ಕೂಲ್ ಕ್ಯಾಚರ್ (ಬ್ಯಾಟರ್ ಹಿಂದೆ ನಿಂತು ಚೆಂಡು ಹಿಡಿಯುವವರು) ಜೋ ಮೌವರ್ ಅವರನ್ನು ಆರಿಸಿತು. ದುಡ್ಡು ಉಳಿಸೋಕೆ ಹೀಗೆ ಮಾಡಿದರು ಅಂತ ಜನ ಬೈದರು. ಮೌವರ್‌ಗೆ ಸಿಕ್ಕಿದ್ದು 51.5 ಲಕ್ಷ ಡಾಲರ್. ಎರಡನೆಯವರಾಗಿ ಶಿಕಾಗೊ ಕಬ್ಸ್ ಸೇರಿದ ಪ್ರಯರ್‌ಗೆ 1.05 ಕೋಟಿ ಡಾಲರ್.

ಬೇಸ್‌ಬಾಲ್‌ನಲ್ಲಿ ಗೆಲುವು, ಸೋಲನ್ನು ಪಿಚರ್ ಹೆಸರಿಗೂ ಬರೆಯುತ್ತಾರೆ. 2003ರಲ್ಲಿ ಪ್ರಯರ್ 18 ಪಂದ್ಯ ಗೆದ್ದರು, ಸೋತಿದ್ದು 6 ಮಾತ್ರ. ಬೈದವರದೇ ಸರಿ ಅನ್ನಿಸಿತು. ಆಮೇಲೆ ಅವರ ಭುಜ ಕೈಕೊಟ್ಟಿತು. 2006ರ ಆಗಸ್ಟ್ ನಂತರ ಅವರು ಮೇಜರ್ ಲೀಗ್‌ನಲ್ಲಿ (ಬೇಸ್‌ಬಾಲ್‌ನ ಅತಿ ಮೇಲಿನ ಮಟ್ಟ) ಒಂದು ಪಂದ್ಯವನ್ನೂ ಆಡಲಿಲ್ಲ. ಮೌವರ್ ಮೂರು ಸಲ, ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿ ಗಳಿಸಿದರು, 2009ರಲ್ಲಿ ಎಂವಿಪಿ (ಅತ್ಯಮೂಲ್ಯ ಆಟಗಾರ) ಆದರು, 2018ರವರೆಗೆ ಟ್ವಿನ್ಸ್‌ನಲ್ಲೇ ಆಡಿದರು. 2024ರಲ್ಲಿ, ಮಹಾನ್ ಆಟಗಾರರಿಗೆ ಸಿಗುವ ಗೌರವವಾದ ಹಾಲ್ ಆಫ್ ಫೇಮ್ ಸೇರಿದರು.

ಹಾಗಾದರೆ ಹೈಸ್ಕೂಲ್ ಹುಡುಗರೇ ಒಳ್ಳೆಯ ಆಯ್ಕೆಯೇ? ಅಷ್ಟು ಸುಲಭದ ಉತ್ತರ ಇಲ್ಲಿಲ್ಲ. ಆದರೆ ಉತ್ತರವೇ ಇಲ್ಲ ಅಂತಲೂ ಅಲ್ಲ. ಹುಡುಗ ಎಸೆಯುವವನೋ, ಬ್ಯಾಟ್ ಮಾಡುವವನೋ ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಪ್ರಶ್ನೆ ಕೇಳುತ್ತಿರುವುದು ತಂಡವೋ, ಹುಡುಗನ ಮನೆಯವರೋ ಅನ್ನುವುದರ ಮೇಲೆ ಪೂರ್ತಿ ತಿರುಗುತ್ತದೆ. ಡ್ರಾಫ್ಟ್ ಬಗ್ಗೆ ಬರೆಯುವವರು ಹೆಚ್ಚಾಗಿ ತಂಡದ ಕಣ್ಣಿನಿಂದಲೇ ನೋಡುತ್ತಾರೆ. ನನಗೆ ಹುಡುಗನ ಕಡೆಯದೂ ಅಷ್ಟೇ ಮುಖ್ಯ.

ನಿಯಮ ಗೊತ್ತಿದ್ದರೆ ಮುಂದಿನದು ಸುಲಭ

ಐಪಿಎಲ್ ಹರಾಜಿನಲ್ಲಿ ಯಾರು ಜಾಸ್ತಿ ಕೂಗುತ್ತಾರೋ ಅವರಿಗೆ ಆಟಗಾರ ಸೇರುತ್ತಾನೆ. ಡ್ರಾಫ್ಟ್ ಹಾಗಲ್ಲ. ತಂಡಗಳು ಸರದಿಯಂತೆ ಒಬ್ಬೊಬ್ಬರನ್ನು ಆರಿಸುತ್ತವೆ. ಆರಿಸಿದ ತಂಡದ ಜೊತೆ ಮಾತ್ರ ಹುಡುಗ ಮಾತುಕತೆ ನಡೆಸಬಹುದು. ಒಪ್ಪಿದರೆ ಸಹಿ, ಇಲ್ಲದಿದ್ದರೆ ಕಾಲೇಜು. ಬೇರೆ ತಂಡದ ಬಾಗಿಲು ತಟ್ಟುವಂತಿಲ್ಲ.

ಮೊದಲ ಡ್ರಾಫ್ಟ್ ನಡೆದದ್ದು 1965ರಲ್ಲಿ. ಮೊದಲ ಆಯ್ಕೆ ಅರಿಜೋನಾ ಸ್ಟೇಟ್ ಕಾಲೇಜಿನ ರಿಕ್ ಮಂಡೆ. ಅಮೆರಿಕ, ಕೆನಡಾ, ಪೋರ್ಟೊ ರಿಕೊ ಹುಡುಗರು ಇದರೊಳಗೆ ಬರುತ್ತಾರೆ. ಹೈಸ್ಕೂಲ್ ಮುಗಿಸಿದಾಗ ಒಂದು ಅವಕಾಶ. ನಾಲ್ಕು ವರ್ಷದ ಕಾಲೇಜಿಗೆ ಸೇರಿಬಿಟ್ಟರೆ ಮೂರನೇ ವರ್ಷ ಮುಗಿಯುವವರೆಗೆ ಅಥವಾ 21 ತುಂಬುವವರೆಗೆ ಕಾಯಬೇಕು. ಎರಡು ವರ್ಷದ ಜೂನಿಯರ್ ಕಾಲೇಜಿಗೆ ಸೇರಿದರೆ ಮುಂದಿನ ವರ್ಷವೇ ಮತ್ತೆ ಅವಕಾಶ ಸಿಗುತ್ತದೆ. ಈಗ ಒಟ್ಟು 20 ಸುತ್ತುಗಳಿವೆ. 2019ರವರೆಗೆ 40 ಇದ್ದವು.

2012ರಿಂದ ದುಡ್ಡಿಗೂ ಲಗಾಮು ಬಿದ್ದಿದೆ. ಮೊದಲ 10 ಸುತ್ತಿನ ಪ್ರತಿ ಸ್ಥಾನಕ್ಕೂ ಒಂದು ಬೆಲೆ ನಿಗದಿಯಾಗಿದೆ, ಅದಕ್ಕೆ ಸ್ಲಾಟ್ ಅನ್ನುತ್ತಾರೆ. ಎಲ್ಲ ಸ್ಲಾಟ್ ಸೇರಿ ತಂಡದ ಒಟ್ಟು ಗಂಟು. ಒಬ್ಬನಿಗೆ ಕಡಿಮೆ ಕೊಟ್ಟು ಉಳಿಸಿದ್ದನ್ನು ಇನ್ನೊಬ್ಬನಿಗೆ ಕೊಡಬಹುದು. ಅದೇ ವರ್ಷ ಹ್ಯೂಸ್ಟನ್ ಆಸ್ಟ್ರೋಸ್ ಇದನ್ನು ಚೆನ್ನಾಗಿ ಬಳಸಿತು. ಮೊದಲ ಆಯ್ಕೆ ಕಾರ್ಲೋಸ್ ಕೊರೆಯಾ ಜೊತೆ 48 ಲಕ್ಷ ಡಾಲರ್‌ಗೆ ಒಪ್ಪಂದವಾಯಿತು, ಆ ಸ್ಥಾನದ ಸ್ಲಾಟ್ 72 ಲಕ್ಷ ಇತ್ತು. ಉಳಿದದ್ದರಿಂದ ಕಾಲೇಜಿಗೆ ಹೊರಟಿದ್ದ ಲ್ಯಾನ್ಸ್ ಮೆಕಲರ್ಸ್ ಜೂನಿಯರ್ ಅವರನ್ನು ಹಿಡಿದು ನಿಲ್ಲಿಸಿದರು. 2017ರಲ್ಲಿ ಆಸ್ಟ್ರೋಸ್ ವರ್ಲ್ಡ್ ಸೀರೀಸ್ (ಮೇಜರ್ ಲೀಗ್‌ನ ಫೈನಲ್) ಗೆದ್ದಾಗ ಇಬ್ಬರೂ ತಂಡದಲ್ಲಿದ್ದರು.

ಹೈಸ್ಕೂಲ್ ಬ್ಯಾಟರ್

ಡ್ರಾಫ್ಟ್‌ನ ಅತಿ ದೊಡ್ಡ ಹೆಸರುಗಳು ಇಲ್ಲಿಂದಲೇ ಬಂದಿವೆ. 1987ರಲ್ಲಿ ಸಿಯಾಟಲ್ ಮ್ಯಾರಿನರ್ಸ್ ಮೊದಲು ಆರಿಸಿದ ಕೆನ್ ಗ್ರಿಫಿ ಜೂನಿಯರ್. 1990ರಲ್ಲಿ ಅಟ್ಲಾಂಟಾ ಬ್ರೇವ್ಸ್ ಆರಿಸಿದ ಚಿಪ್ಪರ್ ಜೋನ್ಸ್. 1993ರಲ್ಲಿ ಅಲೆಕ್ಸ್ ರೊಡ್ರಿಗೆಜ್. 2009ರಲ್ಲಿ ನ್ಯೂಜೆರ್ಸಿಯ ಮಿಲ್‌ವಿಲ್ ಎಂಬ ಊರಿನ ಮೈಕ್ ಟ್ರೌಟ್ 25ನೆಯವರಾಗಿ ಏಂಜಲ್ಸ್ ಪಾಲಾದರು. ಅಂದರೆ ಅವರ ಸರದಿ ಬರುವ ಹೊತ್ತಿಗೆ 24 ಹೆಸರು ಕೂಗಿ ಆಗಿತ್ತು.

ಇಲ್ಲಿ ಸೋಲೂ ದೊಡ್ಡದೇ. 1966ರಲ್ಲಿ ನ್ಯೂಯಾರ್ಕ್ ಮೆಟ್ಸ್ ಹೈಸ್ಕೂಲ್ ಕ್ಯಾಚರ್ ಸ್ಟೀವ್ ಚಿಲ್ಕಾಟ್ ಅವರನ್ನು ಮೊದಲು ಆರಿಸಿತು. ಭುಜದ ಗಾಯದಿಂದ ಅವರು ಮೇಜರ್ ಲೀಗ್ ಮುಟ್ಟಲೇ ಇಲ್ಲ. ಎರಡನೇ ಆಯ್ಕೆ ಅರಿಜೋನಾ ಸ್ಟೇಟ್‌ನ ರೆಜಿ ಜಾಕ್ಸನ್, ಮುಂದೆ ಹಾಲ್ ಆಫ್ ಫೇಮ್ ಆಟಗಾರ. 2008ರಲ್ಲಿ ಟ್ಯಾಂಪಾ ಬೇ ರೇಸ್ ಹೈಸ್ಕೂಲ್ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಟಿಮ್ ಬೆಕಮ್ ಅವರನ್ನು ಮೊದಲು ತೆಗೆದುಕೊಂಡಿತು. ಫ್ಲಾರಿಡಾ ಸ್ಟೇಟ್ ಕಾಲೇಜಿನ ಕ್ಯಾಚರ್ ಬಸ್ಟರ್ ಪೋಸಿ ಐದನೆಯವರಾಗಿ ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್ ಸೇರಿ 2010, 2012, 2014ರಲ್ಲಿ ಮೂರು ವರ್ಲ್ಡ್ ಸೀರೀಸ್ ಗೆದ್ದರು.

ಸೋತವರ ಪಟ್ಟಿ ಉದ್ದವಿದ್ದರೂ ಹುಡುಗನ ಕಡೆಯಿಂದ ನೋಡಿದರೆ ಬ್ಯಾಟರ್‌ಗೆ ಬೇಗ ಹೊರಡುವುದರಲ್ಲಿ ಒಂದು ಭಾರಿ ಲಾಭ ಇದೆ. ಅದು ವಯಸ್ಸು. ಮೇಜರ್ ಲೀಗ್‌ನಲ್ಲಿ ಆರು ವರ್ಷದ ಸೇವೆ ಮುಗಿಸಿದ ಮೇಲಷ್ಟೇ ಆಟಗಾರ ಸ್ವತಂತ್ರವಾಗಿ ಬೆಲೆ ಕೇಳಬಹುದು. ಮ್ಯಾನಿ ಮಚಾಡೊ 2010ರಲ್ಲಿ ಹೈಸ್ಕೂಲಿನಿಂದ ಮೂರನೇ ಆಯ್ಕೆಯಾದರು. 26ನೇ ವಯಸ್ಸಿಗೆ ಸ್ವತಂತ್ರರಾಗಿ ಸ್ಯಾನ್ ಡಿಯಾಗೊ ಜೊತೆ 30 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡರು. ಏರನ್ ಜಡ್ಜ್ ಕಾಲೇಜಿನಲ್ಲಿ ಮೂರು ವರ್ಷ ಆಡಿ ಬಂದು 2013ರಲ್ಲಿ 32ನೇ ಆಯ್ಕೆಯಾದರು. ಅವರು ಸ್ವತಂತ್ರರಾದಾಗ 30 ವರ್ಷ. ಜಡ್ಜ್‌ಗೆ 36 ಕೋಟಿ ಸಿಕ್ಕಿತು ನಿಜ, ಆದರೆ ಅದಕ್ಕೆ ಹಿಂದಿನ ಋತುವಿನಲ್ಲಿ 62 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದಂತೆ) ಹೊಡೆಯಬೇಕಾಯಿತು. 30ರ ಸಾಧಾರಣ ಒಳ್ಳೆಯ ಬ್ಯಾಟರ್‌ಗೆ ಯಾರೂ ಅಷ್ಟು ಉದ್ದದ ಒಪ್ಪಂದ ಕೊಡುವುದಿಲ್ಲ.

ಹಾಗಂತ ಜಡ್ಜ್ ಕಾಯ್ದದ್ದು ತಪ್ಪಲ್ಲ. 2010ರಲ್ಲಿ ಹೈಸ್ಕೂಲ್ ಮುಗಿಸಿದಾಗ ಓಕ್ಲೆಂಡ್ ಅವರನ್ನು ಆರಿಸಿದ್ದು 31ನೇ ಸುತ್ತಿನಲ್ಲಿ. ಅಷ್ಟು ಕೆಳಗಿನ ಸುತ್ತಿನಲ್ಲಿ ಕರೆದ ತಂಡ ಹುಡುಗನ ಮೇಲೆ ಹೆಚ್ಚು ಭರವಸೆ ಇಟ್ಟಿರುವುದಿಲ್ಲ. ಕ್ರಿಸ್ ಬ್ರಯಂಟ್ ಕಥೆಯೂ ಇದೇ. 2010ರಲ್ಲಿ 18ನೇ ಸುತ್ತು, ಸ್ಯಾನ್ ಡಿಯಾಗೊ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ಕಳೆದ ಮೇಲೆ 2013ರಲ್ಲಿ ಒಟ್ಟಾರೆ ಎರಡನೇ ಆಯ್ಕೆ, 67 ಲಕ್ಷ ಡಾಲರ್. 2016ರಲ್ಲಿ ಎಂವಿಪಿ.

ಆದ್ದರಿಂದ ಹೈಸ್ಕೂಲ್ ಬ್ಯಾಟರ್‌ಗೆ ನನ್ನ ಸಲಹೆ ಹೀಗಿದೆ. ಮೊದಲ ಸುತ್ತಿನ ದುಡ್ಡು ಕೈಗೆ ಬರುವಂತಿದ್ದರೆ ಹೊರಡಿ. ಹತ್ತನೇ ಸುತ್ತು ದಾಟಿ ಕರೆದು, ಸಹಿಗಾಗಿ ಕೊಡುವ ಬೋನಸ್ ಕೂಡ ಚಿಕ್ಕದಿದ್ದರೆ, ಕಾಲೇಜೇ ಸರಿ.

ಹೈಸ್ಕೂಲ್ ಪಿಚರ್: ಇಲ್ಲೇ ನಿಜವಾದ ಜಗಳ

1965ರಿಂದ 2025ರವರೆಗೆ ಒಟ್ಟಾರೆ ಮೊದಲ ಆಯ್ಕೆಯಾದ ಹೈಸ್ಕೂಲ್ ಪಿಚರ್‌ಗಳು ಮೂವರೇ. ಮೂವರೂ ಎಡಗೈಯವರು. ಬಲಗೈ ಹೈಸ್ಕೂಲ್ ಪಿಚರ್ ಒಬ್ಬರೂ ಇಲ್ಲ. ಆ ಮೂವರ ಕಥೆ ಗೊತ್ತಾದರೆ ತಂಡಗಳಿಗೆ ಏಕೆ ಇಷ್ಟು ಭಯ ಅಂತ ಅರ್ಥವಾಗುತ್ತದೆ.

ಮೊದಲನೆಯವರು 1973ರ ಡೇವಿಡ್ ಕ್ಲೈಡ್, ಹ್ಯೂಸ್ಟನ್ ಊರಿನವರು. ಟೆಕ್ಸಸ್ ರೇಂಜರ್ಸ್‌ಗೆ ಆಗ ಪ್ರೇಕ್ಷಕರಿಲ್ಲ, ಮಾಲೀಕರಿಗೆ ದುಡ್ಡಿನ ಚಿಂತೆ. ಹೈಸ್ಕೂಲ್ ಮುಗಿಸಿದ ತಿಂಗಳಲ್ಲೇ, ಜೂನ್ 27ರಂದು, ಆ 18ರ ಹುಡುಗನನ್ನು ನೇರವಾಗಿ ಮೇಜರ್ ಲೀಗ್ ಅಂಗಳಕ್ಕೆ ಇಳಿಸಿದರು. ಕ್ರೀಡಾಂಗಣ ತುಂಬಿ ತುಳುಕಿತು. ಐದು ಇನ್ನಿಂಗ್ಸ್‌ನಲ್ಲಿ ಒಂದೇ ಹಿಟ್ (ಬ್ಯಾಟರ್ ಚೆಂಡು ಹೊಡೆದು ಬೇಸ್ ತಲುಪುವುದು) ಕೊಟ್ಟು ಕ್ಲೈಡ್ ಪಂದ್ಯ ಗೆದ್ದರು. ಒಂದೆರಡು ಪಂದ್ಯದ ನಂತರ ಮೈನರ್ ಲೀಗ್‌ಗೆ (ಮೇಜರ್ ಲೀಗ್‌ಗಿಂತ ಕೆಳಗಿನ, ಕಲಿಯುವ ಹಂತ) ಕಳಿಸಿ ಕಲಿಸಬೇಕಿತ್ತು. ಟಿಕೆಟ್ ಮಾರಾಟ ಜೋರಾಗಿತ್ತು, ಕಳಿಸಲಿಲ್ಲ. ಕೊನೆಗೆ ಅವರ ಲೆಕ್ಕ 18 ಗೆಲುವು, 33 ಸೋಲು. ಅದೇ ಡ್ರಾಫ್ಟ್‌ನ ಮೂರನೇ ಆಯ್ಕೆ ಹೈಸ್ಕೂಲ್ ಶಾರ್ಟ್‌ಸ್ಟಾಪ್ ರಾಬಿನ್ ಯೌಂಟ್, ನಾಲ್ಕನೆಯದು ಮಿನೆಸೋಟ ವಿಶ್ವವಿದ್ಯಾಲಯದ ಡೇವ್ ವಿನ್‌ಫೀಲ್ಡ್. ಇಬ್ಬರೂ 3,000 ಹಿಟ್ ದಾಟಿ ಹಾಲ್ ಆಫ್ ಫೇಮ್ ಸೇರಿದರು. ಕ್ಲೈಡ್ ವಿಷಯ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅದು ಹುಡುಗನ ಸೋಲಲ್ಲ, ದೊಡ್ಡವರು ಅವನಿಗೆ ಮಾಡಿದ ಅನ್ಯಾಯ.

ಎರಡನೆಯವರು 1991ರ ಬ್ರಯನ್ ಟೇಲರ್, ಉತ್ತರ ಕ್ಯಾರೊಲಿನಾದ ಬಡ ಕುಟುಂಬದವರು. ಅವರನ್ನು ಆರಿಸಿದ ನ್ಯೂಯಾರ್ಕ್ ಯಾಂಕೀಸ್ ಕೊಡುತ್ತೇವೆ ಅಂದ ಮೊದಲ ಮೊತ್ತಕ್ಕೆ ಅವರ ಮನೆಯವರು ಒಪ್ಪಲಿಲ್ಲ. ಪಟ್ಟು ಹಿಡಿದು 15.5 ಲಕ್ಷ ಡಾಲರ್ ಪಡೆದರು. ಆ ಕಾಲಕ್ಕೆ ಅದು ಭಾರಿ ಮೊತ್ತ. 1993ರ ಡಿಸೆಂಬರ್‌ನಲ್ಲಿ ಒಂದು ಹೊಡೆದಾಟದಲ್ಲಿ ಅವರ ಎಡ ಭುಜಕ್ಕೆ ಪೆಟ್ಟಾಯಿತು. ಅಲ್ಲಿಂದ ಆಟ ಮೊದಲಿನಂತಾಗಲಿಲ್ಲ. ಮೇಜರ್ ಲೀಗ್ ತಲುಪಲಿಲ್ಲ.

ಮೂರನೆಯವರು 2014ರ ಬ್ರೇಡಿ ಏಕನ್. ಆಸ್ಟ್ರೋಸ್ ಜೊತೆ 65 ಲಕ್ಷ ಡಾಲರ್ ಮಾತಾಗಿತ್ತು. ವೈದ್ಯಕೀಯ ಪರೀಕ್ಷೆಯಲ್ಲಿ ಮೊಣಕೈಯ ಅಸ್ಥಿರಜ್ಜಿನ ತೊಂದರೆ ಕಂಡು ತಂಡ ಹಿಂದೆ ಸರಿದು ಮೊತ್ತ ಇಳಿಸಿತು. ಹುಡುಗ ಸಹಿ ಹಾಕಲಿಲ್ಲ. ಮುಂದಿನ ವರ್ಷ ಅದೇ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಕ್ಲೀವ್‌ಲ್ಯಾಂಡ್ 17ನೆಯವರಾಗಿ ಆರಿಸಿದರೂ ಮೇಜರ್ ಲೀಗ್‌ವರೆಗೆ ಬರಲಾಗಲಿಲ್ಲ. ಆಸ್ಟ್ರೋಸ್‌ಗೆ ಪರಿಹಾರವಾಗಿ 2015ರ ಎರಡನೇ ಆಯ್ಕೆ ಸಿಕ್ಕಿತು. ಆ ಜಾಗದಲ್ಲಿ ಕಾಲೇಜು ಬ್ಯಾಟರ್ ಅಲೆಕ್ಸ್ ಬ್ರೆಗ್‌ಮನ್ ಬಂದರು.

ಈಗ ಟೇಲರ್ ಮತ್ತು ಏಕನ್ ಇಬ್ಬರನ್ನೂ ಪಕ್ಕಪಕ್ಕದಲ್ಲಿಡಿ. ಯಾಂಕೀಸ್ ಲೆಕ್ಕದಲ್ಲಿ ಟೇಲರ್ ದೊಡ್ಡ ನಷ್ಟ. ಟೇಲರ್ ಮನೆಯ ಲೆಕ್ಕದಲ್ಲಿ? ಅವರ ತೋಳು ಗಳಿಸಿದ ದೊಡ್ಡ ದುಡ್ಡು ಅದೊಂದೇ. ಸಹಿ ಹಾಕದೆ ಕಾಲೇಜಿಗೆ ಹೋಗಿ ಅಲ್ಲಿ ಭುಜ ಮುರಿದಿದ್ದರೆ ಅದೂ ಇರುತ್ತಿರಲಿಲ್ಲ. ಹದಿನೆಂಟರ ತೋಳು ಯಾವಾಗ ಬೇಕಾದರೂ ಹೋಗಬಹುದು ಅನ್ನುವ ಭಯವೇ ತಂಡ ಆ ಹುಡುಗನನ್ನು ಬಿಡಲು ಕಾರಣ. ಅದೇ ಭಯ ಹುಡುಗ ಬೇಗ ಸಹಿ ಹಾಕಲೂ ಕಾರಣ. ಹೈಸ್ಕೂಲ್ ಪಿಚರ್‌ಗಳನ್ನು ದೂರವಿಡಿ ಅನ್ನುವ ಮಾತನ್ನು ಎಲ್ಲರೂ ಹೇಳುತ್ತಾರೆ. ಅದು ತಂಡಕ್ಕೆ ಹೇಳುವ ಮಾತು. ಅದನ್ನೇ ತಿರುಗಿಸಿ ಹುಡುಗನಿಗೆ "ನೀನು ಕಾಲೇಜಿಗೆ ಹೋಗು" ಅಂತ ಹೇಳಿದರೆ ತಪ್ಪು ಲೆಕ್ಕ ಆಗುತ್ತದೆ, ಅಲ್ವಾ?

ತಂಡಗಳ ಭಯವೂ ಎಲ್ಲ ಸಲ ಫಲ ಕೊಟ್ಟಿಲ್ಲ. 2002ರಲ್ಲಿ ಕಾಲೇಜು ಆಟಗಾರರೇ ಬೇಕು ಎಂದು ಹೊರಟಿದ್ದ ಓಕ್ಲೆಂಡ್ 16ನೆಯವರಾಗಿ ಓಹಾಯೊ ಸ್ಟೇಟ್‌ನ ನಿಕ್ ಸ್ವಿಶರ್ ಅವರನ್ನು ಆರಿಸಿತು. ಸ್ವಿಶರ್ ಒಳ್ಳೆಯ ಆಟಗಾರರೇ. ಆದರೆ ಮರುಕ್ಷಣ ಫಿಲಡೆಲ್ಫಿಯಾ ಫಿಲ್ಲೀಸ್ 17ನೆಯವರಾಗಿ ಹೈಸ್ಕೂಲ್ ಪಿಚರ್ ಕೋಲ್ ಹ್ಯಾಮೆಲ್ಸ್ ಅವರನ್ನು ತೆಗೆದುಕೊಂಡಿತು. ಹ್ಯಾಮೆಲ್ಸ್ ಹೈಸ್ಕೂಲಿನಲ್ಲಿರುವಾಗಲೇ ಎಸೆಯುವ ತೋಳು ಮುರಿದುಕೊಂಡಿದ್ದವರು. 2008ರ ವರ್ಲ್ಡ್ ಸೀರೀಸ್‌ನಲ್ಲಿ ಎಂವಿಪಿ ಆದದ್ದು ಅವರೇ. ಅದೇ ಡ್ರಾಫ್ಟ್‌ನ 6ನೇ ಆಯ್ಕೆ ಜಾಕ್ ಗ್ರಿಂಕಿ, 25ನೆಯದು ಮ್ಯಾಟ್ ಕೇನ್, ಇಬ್ಬರೂ ಹೈಸ್ಕೂಲ್ ಪಿಚರ್‌ಗಳು. ಆ ವರ್ಷದ ಮೊದಲ ಆಯ್ಕೆ ಕಾಲೇಜು ಪಿಚರ್ ಬ್ರಯನ್ ಬುಲಿಂಗ್ಟನ್. ಮೇಜರ್ ಲೀಗ್‌ನಲ್ಲಿ ಅವರು ಗೆದ್ದದ್ದು ಒಂದೇ ಪಂದ್ಯ.

2006 ಇನ್ನೂ ಸ್ಪಷ್ಟ. ಮೊದಲ ಆರು ಆಯ್ಕೆಗಳಲ್ಲಿ ಐದು ಪಿಚರ್‌ಗಳು, ಎಲ್ಲರೂ ಹೈಸ್ಕೂಲ್ ದಾಟಿ ಕಾಲೇಜು ಆಡಿ ಬಂದವರು. ಏಳನೆಯದಾಗಿ ಡಾಡ್ಜರ್ಸ್ ಆರಿಸಿದ್ದು ಡಲ್ಲಾಸ್‌ನ ಹೈಸ್ಕೂಲ್ ಹುಡುಗ ಕ್ಲೇಟನ್ ಕರ್ಶಾ ಅವರನ್ನು. ವರ್ಷದ ಅತ್ಯುತ್ತಮ ಪಿಚರ್‌ಗೆ ಸಿಗುವ ಸೈ ಯಂಗ್ ಪ್ರಶಸ್ತಿ ಮೂರು ಸಲ, 3,000ಕ್ಕೂ ಹೆಚ್ಚು ಸ್ಟ್ರೈಕ್‌ಔಟ್ (ಬ್ಯಾಟರ್‌ನನ್ನು ಮೂರು ಸ್ಟ್ರೈಕ್‌ಗೆ ಔಟ್ ಮಾಡುವುದು), 2025ರಲ್ಲಿ ನಿವೃತ್ತಿಯವರೆಗೂ ಒಂದೇ ತಂಡ.

ಕಾಲೇಜಿಗೆ ಹೋಗಿ ಗೆದ್ದ ಪಿಚರ್‌ಗಳೂ ಇದ್ದಾರೆ. ಗೆರಿಟ್ ಕೋಲ್ ಅವರನ್ನು 2008ರಲ್ಲಿ ಯಾಂಕೀಸ್ 28ನೆಯವರಾಗಿ ಆರಿಸಿತು. ಕೋಲ್ ಬೇಡ ಅಂದು ಯುಸಿಎಲ್‌ಎ ಸೇರಿದರು. 2011ರಲ್ಲಿ ಪೈರೇಟ್ಸ್‌ನ ಮೊದಲ ಆಯ್ಕೆ, 80 ಲಕ್ಷ ಡಾಲರ್. 2019ರ ಡಿಸೆಂಬರ್‌ನಲ್ಲಿ ಅದೇ ಯಾಂಕೀಸ್ ಅವರಿಗೆ 32.4 ಕೋಟಿ ಡಾಲರ್ ಕೊಟ್ಟು ಕರೆಸಿಕೊಂಡಿತು. ಓದಲು ಚೆಂದದ ಕಥೆ. ಆದರೆ ಮೊದಲ ಸುತ್ತಿನ ದುಡ್ಡನ್ನು ಬಿಟ್ಟು ಮೂರು ವರ್ಷ ತೋಳು ಉಳಿಸಿಕೊಳ್ಳುವುದು ಎಲ್ಲರ ಹಣೆಯಲ್ಲೂ ಬರೆದಿರುವುದಿಲ್ಲ. ಕೋಲ್ ಅವರನ್ನು ತೋರಿಸಿ ಮಕ್ಕಳಿಗೆ ಧೈರ್ಯ ಹೇಳುವವರು ಏಕನ್ ಕಥೆಯನ್ನೂ ಹೇಳಬೇಕು.

ಕಾಲೇಜು ಏನು ಕೊಡುತ್ತದೆ

ಬೇಗ ಮೇಲೆ ಬರುವ ದಾರಿಯನ್ನು ಕೊಡುತ್ತದೆ. ಪಾಲ್ ಸ್ಕೀನ್ಸ್ 2023ರಲ್ಲಿ ಲೂಸಿಯಾನಾ ಸ್ಟೇಟ್ ಕಾಲೇಜಿನಿಂದ ಮೊದಲ ಆಯ್ಕೆಯಾದರು, 92 ಲಕ್ಷ ಡಾಲರ್. 2024ರ ಮೇ ತಿಂಗಳಲ್ಲೇ ಮೇಜರ್ ಲೀಗ್‌ನಲ್ಲಿ ಎಸೆಯುತ್ತಿದ್ದರು. ಆ ವರ್ಷದ ಅತ್ಯುತ್ತಮ ಹೊಸಬ ಪ್ರಶಸ್ತಿಯೂ ಬಂತು. ಅದೇ 2023ರಲ್ಲಿ ಹೈಸ್ಕೂಲಿನಿಂದ ಮೂರನೇ ಆಯ್ಕೆಯಾದ ಮ್ಯಾಕ್ಸ್ ಕ್ಲಾರ್ಕ್ 2025ರ ಋತು ಮುಗಿದಾಗಲೂ ಮೈನರ್ ಲೀಗ್‌ನಲ್ಲಿದ್ದರು. ಇದರಲ್ಲಿ ಕ್ಲಾರ್ಕ್ ತಪ್ಪೇನಿಲ್ಲ. ಹೈಸ್ಕೂಲ್ ಹುಡುಗರಿಗೆ ಸಾಮಾನ್ಯವಾಗಿ ಅಷ್ಟು ಕಾಲ ಬೇಕೇ ಬೇಕು.

ಇನ್ನೊಂದು, ತನ್ನ ಜಾಗ ಯಾವುದು ಅಂತ ಹುಡುಕಿಕೊಳ್ಳುವ ಸಮಯ. ಸ್ಕೀನ್ಸ್ ಮೊದಲು ಏರ್ ಫೋರ್ಸ್ ಅಕಾಡೆಮಿಯಲ್ಲಿ ಕ್ಯಾಚರ್ ಕೂಡ ಆಗಿದ್ದರು. ಜೇಕಬ್ ಡಿಗ್ರಾಮ್ ಸ್ಟೆಟ್ಸನ್ ಕಾಲೇಜಿನಲ್ಲಿ ಶಾರ್ಟ್‌ಸ್ಟಾಪ್. ಪಿಚಿಂಗ್ ಶುರು ಮಾಡಿದ್ದು ಅಲ್ಲಿಯೇ. 2010ರಲ್ಲಿ 9ನೇ ಸುತ್ತಿನಲ್ಲಿ ಮೆಟ್ಸ್ ಆರಿಸಿತು, 2018 ಮತ್ತು 2019ರಲ್ಲಿ ಸೈ ಯಂಗ್ ಗೆದ್ದರು.

ಚೌಕಾಸಿಯ ಶಕ್ತಿಯ ಮೇಲೆ ಕಣ್ಣಿಡಿ. ಮೂರನೇ ವರ್ಷ ಮುಗಿಸಿದವನಿಗೆ "ಇನ್ನೊಂದು ವರ್ಷ ಓದುತ್ತೇನೆ" ಅನ್ನುವ ಮಾತು ಕೈಯಲ್ಲಿರುತ್ತದೆ. ನಾಲ್ಕನೇ ವರ್ಷ ಮುಗಿಸಿದವನಿಗೆ ಅದು ಇರುವುದಿಲ್ಲ, ತಂಡಗಳು ಕೊಟ್ಟಷ್ಟು ಪಡೆಯಬೇಕು. ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಅಪೆಲ್ 2012ರಲ್ಲಿ ಪೈರೇಟ್ಸ್‌ನ 38 ಲಕ್ಷ ಡಾಲರ್ ಬಿಟ್ಟು ನಾಲ್ಕನೇ ವರ್ಷಕ್ಕೆ ಮರಳಿದರು. 2013ರಲ್ಲಿ ಮೊದಲ ಆಯ್ಕೆಯಾಗಿ 63.5 ಲಕ್ಷ ಪಡೆದರು. ಮೊದಲ ಸ್ಥಾನದ ಸ್ಲಾಟ್‌ಗಿಂತ ಅದೂ ಕಡಿಮೆಯೇ. ಆಮೇಲೆ ಗಾಯ, ನಿರಾಸೆ, 2018ರಲ್ಲಿ ಆಟದಿಂದ ದೂರ. ಮರಳಿ ಬಂದು 2022ರಲ್ಲಿ, 30ನೇ ವಯಸ್ಸಿಗೆ, ಫಿಲ್ಲೀಸ್ ಪರ ಮೊದಲ ಪಂದ್ಯ ಆಡಿದರು. ಈ ಮನುಷ್ಯನ ಮೇಲೆ ನನಗೆ ತುಂಬ ಗೌರವ.

ಎರಡರ ನಡುವೆ ಸಿಕ್ಕಿಕೊಂಡವರಿಗೆ ಜೂನಿಯರ್ ಕಾಲೇಜು ಇದೆ. ಬ್ರೈಸ್ ಹಾರ್ಪರ್ ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟು ಸಮಾನ ಪರೀಕ್ಷೆ ಪಾಸು ಮಾಡಿದರು. ನೆವಾಡಾದ ಜೂನಿಯರ್ ಕಾಲೇಜು ಸೇರಿ ಮರದ ಬ್ಯಾಟಿನಲ್ಲಿ 31 ಹೋಮ್ ರನ್ ಹೊಡೆದರು. 2010ರಲ್ಲಿ 17ನೇ ವಯಸ್ಸಿಗೇ ಮೊದಲ ಆಯ್ಕೆ. ಆಲ್ಬರ್ಟ್ ಪುಹೋಲ್ಸ್ ಕೂಡ ಇಂಥ ಕಾಲೇಜಿನಿಂದಲೇ, 1999ರಲ್ಲಿ 13ನೇ ಸುತ್ತಿನಲ್ಲಿ ಬಂದವರು. ನಿವೃತ್ತಿಯಾದಾಗ 703 ಹೋಮ್ ರನ್ ಅವರ ಹೆಸರಲ್ಲಿದ್ದವು.

ಸಹಿ ಹಾಕುವ ಮುಂಚೆ ಮನೆಯವರು ನೋಡಬೇಕಾದದ್ದು

ಬೋನಸ್ ಅನ್ನು ಸಂಬಳದ ಜೊತೆ ಸೇರಿಸಿ ನೋಡಿ. 2023ರ ಒಪ್ಪಂದದ ಪ್ರಕಾರ ಮೈನರ್ ಲೀಗ್‌ನ ಕೆಳಗಿನ ಮೆಟ್ಟಿಲಿನಲ್ಲಿ ವರ್ಷಕ್ಕೆ ಸುಮಾರು 19,800 ಡಾಲರ್, ಮೇಲಿನ ಟ್ರಿಪಲ್ ಎ ಮಟ್ಟದಲ್ಲಿ 35,800. ಅಮೆರಿಕದ ಖರ್ಚಿಗೆ ಇದು ತೀರಾ ಸಣ್ಣದು. ನಾಲ್ಕೈದು ವರ್ಷ ಇದೇ ಸಂಬಳದಲ್ಲಿ ಕಳೆಯಬೇಕಾಗಬಹುದು. ತೆರಿಗೆ, ಏಜೆಂಟರ ಪಾಲು ಕಳೆದು ಉಳಿದ ಬೋನಸ್ ಆ ವರ್ಷಗಳನ್ನು ದಾಟಿಸುತ್ತದೆಯೇ ಅಂತ ಲೆಕ್ಕ ಹಾಕಿ.

ಓದಿನ ಖರ್ಚನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಆಟ ಬಿಟ್ಟ ಮೇಲೆ ಕಾಲೇಜು ಶುಲ್ಕ ಕೊಡುವ ಯೋಜನೆ ಇದೆ. ಎಷ್ಟು ಸೆಮಿಸ್ಟರ್, ಎಷ್ಟು ಮೊತ್ತ ಅನ್ನುವುದು ಮಾತುಕತೆಗೆ ಬಿಟ್ಟದ್ದು. ಆಟ ಮುಗಿದ ನಂತರ ನಿಗದಿತ ಸಮಯದೊಳಗೆ ಸೇರದಿದ್ದರೆ ಅದು ಕೈತಪ್ಪುತ್ತದೆ. ಮಕ್ಕಳ ಓದಿನ ಬಗ್ಗೆ ನಮ್ಮ ಜನರಿಗೆ ಇರುವ ಚಿಂತೆ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಸುಮ್ನೆ ಬಾಯಿಮಾತಿಗೆ ಬಿಡಬೇಡಿ.

ಕೊನೆಯದು ವೈದ್ಯಕೀಯ ಪರೀಕ್ಷೆ. ಕುಮಾರ್ ರಾಕರ್ ಅವರ ತಾಯಿ ಭಾರತ ಮೂಲದವರು, ಹಾಗಾಗಿ ಭಾರತೀಯರು ಈ ಹುಡುಗನ ಹಾದಿಯನ್ನು ವಿಶೇಷ ಆಸಕ್ತಿಯಿಂದ ನೋಡಿದರು. 2018ರಲ್ಲಿ ಹೈಸ್ಕೂಲಿನಿಂದ 38ನೇ ಸುತ್ತಿನಲ್ಲಿ ಕರೆ ಬಂತು, ಅವರು ವ್ಯಾಂಡರ್‌ಬಿಲ್ಟ್ ಸೇರಿದರು. 2019ರಲ್ಲಿ ಡ್ಯೂಕ್ ವಿರುದ್ಧ ಒಂದೂ ಹಿಟ್ ಕೊಡದೆ 19 ಸ್ಟ್ರೈಕ್‌ಔಟ್ ಪಡೆದು ದೇಶಕ್ಕೇ ಹೆಸರಾದರು. 2021ರಲ್ಲಿ ಮೆಟ್ಸ್ 10ನೆಯವರಾಗಿ ಆರಿಸಿ 60 ಲಕ್ಷ ಡಾಲರ್‌ಗೆ ಮಾತಾಡಿತು. ಪರೀಕ್ಷೆಯ ವರದಿ ನೋಡಿ ಕೈಬಿಟ್ಟಿತು. ರಾಕರ್ ಒಂದು ಸ್ವತಂತ್ರ ಲೀಗ್‌ನಲ್ಲಿ ಎಸೆದು ತೋರಿಸಿದರು. 2022ರಲ್ಲಿ ಟೆಕ್ಸಸ್ ರೇಂಜರ್ಸ್ ಮೂರನೆಯವರಾಗಿ ಆರಿಸಿ 52 ಲಕ್ಷ ಕೊಟ್ಟಿತು. ಮರುವರ್ಷ ಮೊಣಕೈ ಶಸ್ತ್ರಚಿಕಿತ್ಸೆಯಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್‌ಗೆ ಬಂದರು. ಈಗಿನ ನಿಯಮದಲ್ಲಿ ಡ್ರಾಫ್ಟ್‌ಗೆ ಮುಂಚೆಯೇ ಪರೀಕ್ಷೆಗೆ ಒಪ್ಪಿ ವರದಿ ಕೊಡುವ ಪ್ರಮುಖ ಆಟಗಾರರಿಗೆ ಸ್ಲಾಟ್‌ನ ಶೇ 75ರಷ್ಟಾದರೂ ಸಿಗುವ ಭರವಸೆ ಇದೆ. ಪಿಚರ್ ಮಕ್ಕಳಿರುವವರು ಈ ಪರೀಕ್ಷೆಯನ್ನು ಬಿಡದೆ ಮಾಡಿಸಿ. ಆಮೇಲೆ ತಂಡದ ಡಾಕ್ಟರ್ ಬಾಯಿಂದ ಕೇಳುವುದಕ್ಕಿಂತ ಮೊದಲೇ ಗೊತ್ತಾದರೆ, ಕಾಲೇಜು ಸೀಟು ಇನ್ನೂ ಕೈಯಲ್ಲಿರುತ್ತದೆ.